ಪ್ರಣಯವಿನೋದದಲ್ಲಿ ಶ್ಲೇಷದ ಸ್ಥಾನ

ಶೃಂಗಾರದಿಂದ ಹಾಸ್ಯವು ಹುಟ್ಟುವುದೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ಈ ಮಾತಿನ ಸತ್ಯವನ್ನರಿಯಲು ರಂಗಸ್ಥಳಕ್ಕೆ ಹೋಗಬೇಕಾಗಿಲ್ಲ. ಹೆಣ್ಣು ನೋಡುವ ಶಾಸ್ತ್ರ ನಡೆಯುವ ಯಾವ ಮನೆಯ ಪಡಸಾಲೆಯಾದರೂ ಸಾಕು. ಅಲ್ಲಿ ಎರಡು ಮನೆತನದವರು ಎದುರುಬದುರಾಗಿ ಕುಳಿತು, ಮನಸ್ಸಿನಲ್ಲಿರುವುದನ್ನು ಆಡಲಾರದೆ, ಆಡಿದುದನ್ನು ನಂಬಲಾರದೆ ಇರುವರು. ಇಂತಹ ಕಡೆ ಒಂದು ಶಬ್ದಕ್ಕೆ ಎರಡರ್ಥವಿರುವುದು ಭಾಷೆಯ ಕೊರತೆಯಲ್ಲ, ದೊಡ್ಡ ಉಪಕಾರ.

ಒಬ್ಬನು ಒಂದರ್ಥದಲ್ಲಿ ಆಡಿದ ಮಾತನ್ನು ಕೇಳುವವನು ಬೇರೊಂದರ್ಥದಲ್ಲಿ ಹಿಡಿದು ಉತ್ತರ ಕೊಟ್ಟರೆ ಅದನ್ನು ವಕ್ರೋಕ್ತಿಯೆಂದು ರುದ್ರಟನು ಕರೆದು, ಶ್ಲೇಷದಿಂದಾಗುವುದು, ಕಾಕುವಿನಿಂದಾಗುವುದು ಎಂದು ಎರಡಾಗಿ ವಿಂಗಡಿಸಿದನು. ಇದಕ್ಕೆ ಪಾಠಶಾಲೆಗಳಲ್ಲಿ ಪ್ರಸಿದ್ಧವಾದ ನಿದರ್ಶನವೆಂದರೆ ಶಿವಪಾರ್ವತಿಯರ ಬಾಗಿಲ ಸಂವಾದ. ಹೊರಗೆ ನಿಂತ ಶಿವನು ತಾನು ಶೂಲಿಯೆಂದರೆ, ಶೂಲೆಯ ನೋವಿದ್ದವನು ವೈದ್ಯನನ್ನು ಹುಡುಕಲಿ ಎಂದು ಒಳಗಿನಿಂದ ಉತ್ತರ ಬರುವುದು. ನೀಲಕಂಠನೆಂದರೆ, ನವಿಲಾದರೆ ಒಮ್ಮೆ ಕೂಗಿ ತೋರಿಸು ಎಂಬ ಅಪ್ಪಣೆಯಾಗುವುದು. ಪಾರ್ವತಿಗೆ ಪತಿಯ ದನಿ ತಿಳಿಯದೆ ಇಲ್ಲ. ತಿಳಿದೂ ತಿಳಿಯದವಳಂತೆ ನಟಿಸುವುದರಲ್ಲಿಯೇ ಪ್ರಣಯಕೋಪವೂ ಪ್ರೀತಿಯೂ ಅಡಗಿವೆ. ನೇರವಾಗಿ ಗದರಿಸಿದ್ದರೆ ಅದು ಜಗಳವಾಗುತ್ತಿತ್ತು. ಶ್ಲೇಷದಿಂದ ಗದರಿಸಿದುದರಿಂದ ಅದು ಸರಸವಾಯಿತು.

ಸಂಸ್ಕೃತದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ನಾಮಪದಗಳು ಮಾಡುತ್ತವೆ; ಕನ್ನಡದಲ್ಲಿ ದಿನಬಳಕೆಯ ಕ್ರಿಯಾಪದಗಳೇ ಮಾಡಬಲ್ಲವು. “ಹುಡುಗಿಗೆ ಅಡಿಗೆ ಬರುತ್ತದೆಯೇ?” ಎಂದು ಗಂಡಿನ ಕಡೆಯವರು ಕೇಳುತ್ತಾರೆ. “ಬರುತ್ತದೆ, ಹೋಟೆಲಿನಿಂದ” ಎಂದು ಹುಡುಗಿ ಉತ್ತರ ಕೊಟ್ಟಳೆನ್ನೋಣ. ಇಲ್ಲಿ ಬರುವುದೆಂದರೆ ತಿಳಿದಿರುವುದು, ಬಂದು ಸೇರುವುದು ಎಂದು ಎರಡರ್ಥ. ಅಡಿಗೆಯೆಂದರೂ ಅಷ್ಟೆ; ಬೇಯಿಸುವ ವಿದ್ಯೆಯೂ ಹೌದು, ಬೆಂದ ಪದಾರ್ಥವೂ ಹೌದು. ಚತುರ್ಥೀ ವಿಭಕ್ತಿಯು ಎರಡು ಅರ್ಥಗಳಿಗೂ ಸಮನಾಗಿ ಒದಗುತ್ತದೆ. ಶಬ್ದವನ್ನು ಎಲ್ಲಿಯೂ ಒಡೆಯಬೇಕಾಗಿಲ್ಲವಾದುದರಿಂದ ಇದು ಅಭಂಗಶ್ಲೇಷ. ಆದರೆ ನಗೆಯು ವ್ಯಾಕರಣದಿಂದ ಮಾತ್ರ ಹುಟ್ಟಿದುದಲ್ಲ. ಪರೀಕ್ಷೆಗೆ ಕುಳಿತವಳು ಪರೀಕ್ಷಕರನ್ನೇ ಪರೀಕ್ಷಿಸಿದಳು. ಹಾಗಿದ್ದೂ ಪ್ರಶ್ನೆಗೆ ತಕ್ಕ ಉತ್ತರವನ್ನೇ ಕೊಟ್ಟಿರುವುದರಿಂದ ಅವಳ ಮೇಲೆ ಅವಿನಯದ ದೋಷವನ್ನು ಹೊರಿಸುವಂತಿಲ್ಲ. ಇದೇ ಮಾತನ್ನು ಗಂಡಿನ ತಾಯಿ ಹುಡುಗಿಯನ್ನು ಕುರಿತು ಆಡಿದರೆ ಶ್ಲೇಷ ಉಳಿಯುವುದು, ಸ್ವಾರಸ್ಯ ಹೋಗುವುದು. ಮಾತನ್ನು ಯಾರು ಯಾರಿಗೆ ಆಡಿದರೆಂಬುದೂ ಅಲಂಕಾರದ ಒಂದು ಅಂಗವೇ.

ಕೈ ಹಿಡಿಯುವುದೆಂದರೆ ಮದುವೆಯಾಗುವುದು. ಕೈ ಕೊಡುವುದೆಂದರೆ ನಂಬಿಸಿ ಬಿಡುವುದು. ಕೈ ಹಿಡಿಯಲು ಬಂದವನಿಗೆ ಅವಳು ಕೈ ಕೊಟ್ಟಳೆಂದರೆ ಪಾಣಿಗ್ರಹಣವೂ ಆಗಬಹುದು, ಪಲಾಯನವೂ ಆಗಬಹುದು. ವರವೆಂಬ ಶಬ್ದವಾದರೋ ಇನ್ನೂ ಹರಿತವಾದುದು. ದೇವರು ವರವನ್ನು ಕೊಟ್ಟು ಏನನ್ನೂ ಕೇಳನು. ಬೀಗನು ವರನನ್ನು ಕೊಡುವ ಮೊದಲೇ ಎಲ್ಲವನ್ನೂ ಕೇಳುವನು. ವರದಕ್ಷಿಣೆಯನ್ನು ನಿಷೇಧಿಸುವ ಶಾಸನವು 1961ರಲ್ಲಿಯೇ ಆದರೂ ಈ ವಿನೋದವು ಇನ್ನೂ ಹಳತಾಗದಿರುವುದು ಸಮಾಜಕ್ಕೆ ಶೋಭೆಯಲ್ಲ. ಅಂತೆಯೇ, ಹುಡುಗಿಯ ಪ್ರಾಯವನ್ನು ಎಲ್ಲರೂ ಕೇಳಿದರು, ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ ಎಂಬ ಮಾತು. ಶಾಸ್ತ್ರರೀತ್ಯಾ ಇದು ಶ್ಲೇಷವಲ್ಲ, ಯಮಕದ ಬಂಧು. ಒಂದು ಶಬ್ದದ ಹೊಟ್ಟೆಯಲ್ಲಿ ಇನ್ನೊಂದು ಶಬ್ದವಿದೆ. ಆದರೂ ಎರಡು ಉಪಸರ್ಗಾಕ್ಷರಗಳನ್ನು ಕೇಳದೆ ಬಿಟ್ಟುದರಿಂದ ಒಂದು ಜನ್ಮವೇ ಕೆಟ್ಟೀತೆಂಬುದನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ.

ಎಲ್ಲ ಶಬ್ದಚಮತ್ಕಾರವೂ ಹೀಗೆ ಫಲಿಸುವುದಿಲ್ಲ. ಸೀತೆಯನ್ನು ನೋಡಿಬಂದವನಿಗೆ ಶೀತವಾಯಿತೆಂಬಲ್ಲಿ ಅಕ್ಷರಗಳ ಹೋಲಿಕೆಯುಂಟು, ಅದರ ಹಿಂದೆ ಅರ್ಥದ ಸಂಬಂಧವಿಲ್ಲ. ಶ್ಯಾಮಲೆಯೆಂಬ ಹೆಸರನ್ನು ಹಿಡಿದು ಬಣ್ಣವನ್ನು ಹಂಗಿಸುವಲ್ಲಿ ಸಂಬಂಧವಿದೆ, ಸೌಜನ್ಯವಿಲ್ಲ. ದೊಡ್ಡಬಳ್ಳಾಪುರದ ಮಗ್ಗಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾಗಿ ನೆಯ್ದ ಸೀರೆ ಬೆಳಕಿಗೆ ಹಿಡಿದಂತೆ ಎರಡು ಬಣ್ಣ ತೋರುವುದು. ಒಂದೆಳೆ ಸಡಿಲವಾದರೂ ಎರಡೂ ಕೆಡುವುವು.

ಕನ್ನಡದಲ್ಲಿ ಈ ನೆಯ್ಗೆಯ ಕುಶಲರಿಗೆ ಕೊರತೆಯಿಲ್ಲ. ಟಿ. ಪಿ. ಕೈಲಾಸಂ (1884–1946) ಅವರು ಬೆಂಗಳೂರಿನ ಮನೆಮಾತಿಗೆ ಇಂಗ್ಲಿಷನ್ನು ಬೆರೆಸಿ, ಎರಡು ಭಾಷೆಗಳ ಸಂದಿನಲ್ಲಿ ನಗೆಯನ್ನು ಕಂಡರು. ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯು 1967ರವರೆಗೆ ವಿದ್ಯಾವಂತರ ಮನೆಗಳಲ್ಲಿ ಇಂತಹ ವಿನೋದಕ್ಕೆ ಮನ್ನಣೆ ತಂದಿತು. ‘ಅನರ್ಥಕೋಶ’ವನ್ನು ರಚಿಸಿದ ನಾ. ಕಸ್ತೂರಿಯವರ ಮನೆಮಾತು ಮಲಯಾಳ. ಹುಟ್ಟಿನಿಂದ ಆಡುವವರು ಗಮನಿಸದೆ ದಾಟಿಹೋಗುವ ಶಬ್ದಗಳ ಬಿರುಕು, ಕಲಿತು ಆಡುವವರ ಕಿವಿಗೆ ಬೇಗ ಕೇಳಿಸುವುದೇನೋ!

ಇಂದಿನ ಯುವಕ ಯುವತಿಯರು ಹಿರಿಯರ ಪಡಸಾಲೆಗೆ ಬರುವ ಮೊದಲೇ ತಾವಾಗಿ ಭೇಟಿಯಾಗಿ ಮಾತನಾಡಿಕೊಳ್ಳುವರು. ಆದುದರಿಂದ ಶ್ಲೇಷದ ಕೆಲಸ ಮುಗಿಯಿತೆಂದು ಭಾವಿಸಬಾರದು. ಎದುರಿನವರು ಒಲ್ಲೆನೆಂದಾರೆಂಬ ಅಳುಕು ಎಲ್ಲ ಕಾಲಕ್ಕೂ ಒಂದೇ. ಎರಡರ್ಥದ ಮಾತಿಗೆ ಮುಂದಕ್ಕೊಂದು ಬಾಗಿಲು, ಹಿಂದಕ್ಕೊಂದು ಬಾಗಿಲು. ಒಪ್ಪಿದರೆ ಅದು ನಿವೇದನೆ. ಒಪ್ಪದಿದ್ದರೆ ಬರಿಯ ತಮಾಷೆ. ಇಬ್ಬರ ಮಾನವೂ ಉಳಿಯುವುದು.

ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಲ್ಲಿ 1899ರಲ್ಲಿ ಜನಿಸಿದ ವಿ. ಸೀತಾರಾಮಯ್ಯನವರು ಮಗಳನ್ನು ಗಂಡನ ಮನೆಯವರಿಗೆ ಒಪ್ಪಿಸುವ ಗೀತವನ್ನು ಬರೆದರು. ಅದನ್ನು ಕೇಳಿ ಕಣ್ಣೊರಸಿಕೊಳ್ಳದ ತಾಯಂದಿರು ವಿರಳ. ಅದೇ ಮದುವೆಯ ಮನೆಯಲ್ಲಿ ಗಂಡನ ಹೆಸರನ್ನು ಒಗಟಿನಲ್ಲಿ ಅಡಗಿಸಿ ಹೇಳಿ ನಗಿಸುವವಳೂ ಆ ಮಗಳೇ. ನೇರವಾಗಿ ಆಡಬಾರದ ಹೆಸರನ್ನು ಬಳಸಿ ಆಡುವ ಈ ಜಾಣ್ಮೆಯು ಅಲಂಕಾರಶಾಸ್ತ್ರವನ್ನೋದದ ಮನೆಗಳಲ್ಲಿಯೂ ಉಂಟು. ಲಕ್ಷಣಕಾರರು ಹೆಸರಿಟ್ಟರು, ಲಕ್ಷ್ಯವು ಮೊದಲಿನಿಂದಲೂ ಅಡಿಗೆಮನೆಯಲ್ಲಿತ್ತು.