ಜೋಳ, ಹತ್ತಿ, ಬೂಷ್ಟು: ಐದು ಸಾಲಿಗೆ ವ್ಯಾಖ್ಯಾನ

ರೋಗನಿರೋಧಕ ಕೋಶಗಳು ಸೂಕ್ಷ್ಮಜೀವಿಯ ಮೈಮೇಲಿನ ಸಕ್ಕರೆಯನ್ನು ಹೇಗೆ ಗುರುತು ಹಿಡಿಯುತ್ತವೆ? ಯಾದಗಿರಿ, ಶಹಾಪುರ, ಸುರಪುರದ ಕಡೆ ವಿಜ್ಞಾನ ಓದುವ ಮಕ್ಕಳಿಗೆಂದು ಐದು ಸಾಲು ಹೊಸೆದಿದ್ದೇನೆ. ಒಂದೊಂದನ್ನೇ ಬಿಡಿಸುತ್ತೇನೆ.

ಜೋಳವೂ ಗ್ಲುಕೋಸ್, ಹತ್ತಿಯೂ ಗ್ಲುಕೋಸ್, ಬೂಷ್ಟೂ ಗ್ಲುಕೋಸ್.

ರೊಟ್ಟಿಯಾಗುವ ಜೋಳದ ಪಿಷ್ಟ ಗ್ಲುಕೋಸ್ ಕಣಗಳ ಸರ. ಶಹಾಪುರದ ಎರೆಹೊಲದಲ್ಲಿ ಒಡೆಯುವ ಹತ್ತಿಯ ಸೆಲ್ಯುಲೋಸ್ ಕೂಡ ಅದರದೇ ಸರ. ತೇವದಲ್ಲಿ ಬಿದ್ದ ಶೇಂಗಾಕ್ಕೆ ಹಿಡಿಯುವ ಆಸ್ಪರ್ಜಿಲಸ್ ಬೂಷ್ಟಿನ ಕೋಶಭಿತ್ತಿಯಲ್ಲೂ ಗ್ಲುಕೋಸ್ ಸರವಿದೆ, ಹೆಸರು ಗ್ಲುಕಾನ್. ಭೇದ ಇರುವುದು ಕೊಂಡಿಯಲ್ಲಿ. ಪಿಷ್ಟದಲ್ಲಿ ಒಂದು ಗ್ಲುಕೋಸ್‌ನ 1ನೇ ಇಂಗಾಲ ಮುಂದಿನದರ 4ನೇ ಇಂಗಾಲಕ್ಕೆ ಆಲ್ಫಾ ಕೊಂಡಿಯಿಂದ ಸೇರಿದೆ. ಹತ್ತಿಯಲ್ಲೂ 1ಕ್ಕೆ 4, ಆದರೆ ಬೀಟಾ ಕೊಂಡಿ. ಬೂಷ್ಟಿನಲ್ಲಿ ಬೀಟಾ ಕೊಂಡಿಯೇ, ಆದರೆ 1ಕ್ಕೆ 3. ಇಷ್ಟರಿಂದಲೇ ಜೋಳ ನಮಗೆ ಅರಗುತ್ತದೆ, ಹತ್ತಿ ಅರಗುವುದಿಲ್ಲ. ಮೂರನೆಯ ಬಗೆಯ ಸರವನ್ನಂತೂ ನಮ್ಮ ದೇಹ ಎಲ್ಲೂ ನೇಯುವುದಿಲ್ಲ. ರಕ್ತದಲ್ಲೋ ಶ್ವಾಸಕೋಶದಲ್ಲೋ ಅದು ಸಿಕ್ಕರೆ ಹೊರಗಿನಿಂದ ಬಂದದ್ದೇ ಸರಿ.

ಕೊಂಡಿ ನೋಡಿ ಕೈ ಚಾಚು.

ಶಹಾಪುರದ ಬೆಟ್ಟಸಾಲನ್ನು ಸರಿಯಾದ ದಿಕ್ಕಿನಿಂದ ನೋಡಿದವರಿಗೆ ಮಲಗಿದ ಬುದ್ಧ ಕಾಣುತ್ತಾನೆ. ಆ ಕಲ್ಲು ಸುತ್ತಲ ಗುಡ್ಡಗಳಲ್ಲೂ ಇದೆ. ಹಣೆ, ಮೂಗು, ಎದೆ ಅನ್ನಿಸುವಂತೆ ಅದು ಜೋಡಣೆಗೊಂಡದ್ದು ಅಲ್ಲಿ ಮಾತ್ರ. ಭಕ್ಷಕ ಕೋಶದ ಮೇಲಿನ ಗ್ರಾಹಕ ನೋಡುವುದೂ ಈ ಜೋಡಣೆಯನ್ನೇ. ಆಕ್ಸ್‌ಫರ್ಡ್‌ನ ಗಾರ್ಡನ್ ಬ್ರೌನ್ ಮತ್ತು ಸಯಮನ್ ಗಾರ್ಡನ್ 2001ರಲ್ಲಿ ಬೀಟಾ ಗ್ಲುಕಾನ್ ಹಿಡಿಯುವ ಗ್ರಾಹಕವನ್ನು ಗುರುತಿಸಿದರು. ಅದು ಡೆಕ್ಟಿನ್-1. ಈ ಒಂದು ಗ್ರಾಹಕ ಕೆಟ್ಟರೆ ಏನಾಗುತ್ತದೆ ಎಂಬುದು 2009ರಲ್ಲಿ ಒಂದು ಡಚ್ ಕುಟುಂಬದಿಂದ ತಿಳಿಯಿತು: ಆ ಮನೆಯ ಹೆಣ್ಣುಮಕ್ಕಳನ್ನು ಉಗುರಿನ ಶಿಲೀಂಧ್ರ ಮತ್ತು ಕ್ಯಾಂಡಿಡಾ ಸೋಂಕು ಮತ್ತೆ ಮತ್ತೆ ಕಾಡುತ್ತಿತ್ತು.

ಮ್ಯಾನೋಸ್ ಎಂಬ ಇನ್ನೊಂದು ಸಕ್ಕರೆಯನ್ನು ಹಿಡಿಯುವ ಗ್ರಾಹಕದ ರೀತಿ ಬೇರೆ. ಅದರ ಅಂಗೈಯಲ್ಲಿ ಒಂದು ಕ್ಯಾಲ್ಸಿಯಂ ಅಯಾನು ಕೂತಿರುತ್ತದೆ. ಮ್ಯಾನೋಸ್‌ನ 3 ಮತ್ತು 4ನೇ ಇಂಗಾಲದ ಹೈಡ್ರಾಕ್ಸಿಲ್‌ಗಳು ಅಕ್ಕಪಕ್ಕ ಬಂದು ಅದನ್ನು ತಬ್ಬುತ್ತವೆ. ಗ್ಯಾಲಕ್ಟೋಸ್‌ನಲ್ಲಿ 4ನೆಯದು ಬೇರೆ ಕಡೆ ಮುಖ ಮಾಡಿದೆ, ಹೀಗಾಗಿ ಹಿಡಿತ ಕೂಡುವುದಿಲ್ಲ. ಒಂದೇ ಒಂದು ಹೈಡ್ರಾಕ್ಸಿಲ್‌ನ ದಿಕ್ಕಿನಿಂದ ಇಷ್ಟು ತೀರ್ಮಾನ! ಎಷ್ಟು ಸಲ ಪಾಠ ಮಾಡಿದರೂ ಇಲ್ಲಿ ನನ್ನ ಮಾತು ನಿಂತುಬಿಡುತ್ತದೆ.

ಒಂದು ಕೈ ಜಾರುತ್ತದೆ, ಹತ್ತು ಕೈ ಬಿಡುವುದಿಲ್ಲ.

ಒಂದು ಸಕ್ಕರೆಗೆ ಒಂದು ಗ್ರಾಹಕ ಅಂಟುವ ಬಲ ತೀರ ಕಡಿಮೆ, ಹಿಡಿದು ಕ್ಷಣದಲ್ಲಿ ಬಿಟ್ಟುಬಿಡುತ್ತದೆ. ಸೂಕ್ಷ್ಮಜೀವಿಯ ಮೈತುಂಬ ಒಂದೇ ಸಕ್ಕರೆ ಸಾಲುಗಟ್ಟಿರುವುದರಿಂದ ಹಲವು ಕೈ ಒಟ್ಟಿಗೆ ಹಿಡಿಯಲು ಸಾಧ್ಯ. ಸಕ್ಕರೆ ಹಿಡಿಯುವ ಪ್ರೋಟೀನಿಗೆ ಲೆಕ್ಟಿನ್ ಎನ್ನುತ್ತಾರೆ; ರಕ್ತದಲ್ಲಿ ತೇಲುವ ಮ್ಯಾನೋಸ್ ಬಂಧಕ ಲೆಕ್ಟಿನ್ ಅದಕ್ಕೆಂದೇ ಹೂಗೊಂಚಲಿನಂತೆ ಕಟ್ಟಿಕೊಂಡಿರುತ್ತದೆ.

ಕರಗಿದ್ದಕ್ಕೆ ಕದಲಬೇಡ, ಗೋಡೆಗೆ ಎದ್ದೇಳು.

ನೀರಿನಲ್ಲಿ ಕರಗಿದ ಗ್ಲುಕಾನ್ ತುಣುಕು ಡೆಕ್ಟಿನ್-1ಕ್ಕೆ ಅಂಟುತ್ತದೆ, ಕೋಶ ಮಾತ್ರ ಸುಮ್ಮನಿರುತ್ತದೆ. ಇಡೀ ಯೀಸ್ಟ್ ಕಣ ಬಂದು ತಾಗಿದರೆ ಎಚ್ಚರಾಗುತ್ತದೆ. ಕಾರಣ 2011ರಲ್ಲಿ ಸ್ಪಷ್ಟವಾಯಿತು. ಡೆಕ್ಟಿನ್‌ನ ಸಂಕೇತವನ್ನು ಸದಾ ಅಳಿಸುತ್ತಿರುವ ಸಿಡಿ45, ಸಿಡಿ148 ಎಂಬ ಪ್ರೋಟೀನ್‌ಗಳಿವೆ. ಯೀಸ್ಟಿನ ಗೋಡೆಗೆ ಕೋಶ ಒತ್ತಿಕೊಂಡಾಗ ಅವು ಆ ಜಾಗದಿಂದ ಆಚೆ ಸರಿಯುತ್ತವೆ, ಸಂಕೇತ ಉಳಿಯುತ್ತದೆ. ಬೂಷ್ಟಿನಿಂದ ಕರಗಿ ಬಂದ ತುಣುಕು ಎಲ್ಲೋ ತೇಲುತ್ತಿದ್ದರೆ ಯುದ್ಧ ಬೇಕಿಲ್ಲ. ಜೀವಿ ಮೈಗೆ ಮೈ ತಾಗಿದಾಗ ಬೇಕು.

ಮುಸುಕು ಸರಿಯುವ ತನಕ ಗುರುತಿಲ್ಲ.

ಗಾಳಿಯಲ್ಲಿ ಬರುವ ಆಸ್ಪರ್ಜಿಲಸ್ ಬೀಜಕಣದ ಗ್ಲುಕಾನ್ ಒಂದು ಪ್ರೋಟೀನ್ ಹೊದಿಕೆಯ ಕೆಳಗಿರುತ್ತದೆ. ನಾವು ದಿನಾ ಉಸಿರಾಡುವ ಬೀಜಕಣಗಳಿಗೆಲ್ಲ ದೇಹ ಉರಿದೇಳದೇ ಇರುವುದಕ್ಕೆ ಇದೂ ಒಂದು ಕಾರಣ. ಬೀಜಕಣ ಉಬ್ಬಿ ಮೊಳೆಯತೊಡಗಿದಾಗ ಹೊದಿಕೆ ಹರಿದು ಗ್ಲುಕಾನ್ ಬಯಲಾಗುತ್ತದೆ.

ಮುಸುಕು ನಮ್ಮ ಕೋಶಗಳಿಗೂ ಇದೆ. ಇದಕ್ಕೆ ಸಾಕ್ಷಿ ನಮ್ಮ ಹೊಲದ ಶೇಂಗಾ. ಶೇಂಗಾ ಕಾಳಿನಲ್ಲಿ ಗ್ಯಾಲಕ್ಟೋಸ್ ಹಿಡಿಯುವ ಒಂದು ಲೆಕ್ಟಿನ್ ಇದೆ, ನಾಲ್ಕು ಕೈಯದು. ಅದರ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಸಂಗಡಿಗರು 1994ರಲ್ಲಿ ಬಿಡಿಸಿದರು. ಮನುಷ್ಯನ ತಾಜಾ ಕೆಂಪು ರಕ್ತಕಣಗಳಿಗೆ ಈ ಲೆಕ್ಟಿನ್ ಬೆರೆಸಿದರೆ ಏನೂ ಆಗುವುದಿಲ್ಲ. ಅವುಗಳ ಸಕ್ಕರೆ ಸರಗಳ ತುದಿಯಲ್ಲಿ ಗ್ಯಾಲಕ್ಟೋಸನ್ನು ಮುಚ್ಚಿರುವ ಸಿಯಾಲಿಕ್ ಆಮ್ಲವನ್ನು ಕಿಣ್ವದಿಂದ ಕತ್ತರಿಸಿ ಮತ್ತೆ ಬೆರೆಸಿ: ಕಣಗಳು ಒಂದಕ್ಕೊಂದು ಅಂಟಿ ಗಂಟುಗಟ್ಟುವುದು ಬರಿಗಣ್ಣಿಗೇ ಕಾಣುತ್ತದೆ.

ಆ ಸಿಯಾಲಿಕ್ ಆಮ್ಲವೇ ಬಿಳಿ ರಕ್ತಕಣಗಳಿಗೆ ‘ನಮ್ಮವರು’ ಎಂಬ ಗುರುತು. ಮಿದುಳು ಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್‌ನ ಬಿ ಗುಂಪು ಅದೇ ಆಮ್ಲದ ಸರವನ್ನು ಹೊದ್ದುಕೊಂಡು ಒಳಗೆ ಬರುತ್ತದೆ. ಬೇರೆ ಗುಂಪುಗಳಿಗೆ ಸಕ್ಕರೆ ಹೊದಿಕೆಯಿಂದಲೇ ಲಸಿಕೆ ಮಾಡಿದವರು ಬಿ ಗುಂಪಿನಲ್ಲಿ ಅದನ್ನು ಕೈಬಿಟ್ಟು, ಹೊದಿಕೆಯ ಕೆಳಗಿನ ಪ್ರೋಟೀನ್‌ಗಳನ್ನು ಹುಡುಕಬೇಕಾಯಿತು.