ಬಾದಾಮಿಯ ಬಂಡೆಗೆ ನಡುಹಗಲಿನ ಬಿಸಿಲು

ಬಾದಾಮಿಯ ಹೆಸರಿನಲ್ಲಿ ಕ್ಯಾಲೆಂಡರು, ಪ್ರದರ್ಶನ, ಪ್ರವಾಸ ಪುರವಣಿಗಳಲ್ಲಿ ಬರುವ ನಿಸರ್ಗಚಿತ್ರಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ, ಎಲ್ಲರೂ ಸೇರಿ ಒಂದೇ ಚಿತ್ರವನ್ನು ತೆಗೆಯುತ್ತಿದ್ದಾರೆ ಅನಿಸುತ್ತದೆ. ಅಗಸ್ತ್ಯ ತೀರ್ಥವೆಂಬ ಹೊಂಡದ ಪಶ್ಚಿಮದ ದಂಡೆಯಲ್ಲಿ ಕ್ಯಾಮೆರಾ. ಎದುರು ದಂಡೆಯಲ್ಲಿ ಭೂತನಾಥ ಗುಡಿ. ಅದರ ಬೆನ್ನಿಗೆ ಕೆಂಪು ಬಂಡೆ. ಕೆಳಗೆ ನೀರಿನಲ್ಲಿ ಇಷ್ಟರದ್ದೂ ಪ್ರತಿಬಿಂಬ. ಹೊತ್ತು ಮಾತ್ರ ಸಂಜೆಯದೇ. ಚಿತ್ರ ಕೆಟ್ಟದ್ದೇನಲ್ಲ. ಚೌಕಟ್ಟಿನ ಲೆಕ್ಕದಲ್ಲಿ ಅದಕ್ಕೆ ನೂರಕ್ಕೆ ನೂರು ಕೊಡಬಹುದು. ಆದರೆ ಇಷ್ಟೊಂದು ಜನರ ಕಣ್ಣು ಒಂದೇ ಜಾಗದಲ್ಲಿ ನಿಂತದ್ದು ಹೇಗೆ, ಅದರಿಂದ ಕಾಣದೆ ಉಳಿದದ್ದು ಯಾವುದು ಎಂದು ಕೇಳಿದಾಗ ನಮ್ಮ ನಿಸರ್ಗ ಛಾಯಾಗ್ರಹಣ ಪರಂಪರೆಯ ಬಲವೂ ಮಿತಿಯೂ ಒಟ್ಟಿಗೇ ಎದುರಾಗುತ್ತವೆ.

ಈ ನೆಲಕ್ಕೆ ಕ್ಯಾಮೆರಾ ಬಂದದ್ದು ಚೆಲುವನ್ನು ಹುಡುಕಿಕೊಂಡಲ್ಲ. 1855ರಲ್ಲಿ ಬಾಂಬೆ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಸರ್ಕಾರದ ಛಾಯಾಗ್ರಾಹಕನಾಗಿ ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಚಿತ್ರ ತೆಗೆದ. ಅವನ ನಂತರ ಡಾಕ್ಟರ್ ಪಿಗೂ ಆ ಕೆಲಸ ವಹಿಸಿಕೊಂಡ. ಇವರಿಬ್ಬರ ಜೊತೆಗೆ ನೀಲ್ ಎಂಬಾತನ ಚಿತ್ರಗಳೂ ಸೇರಿ 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಸಂಪುಟವಾಯಿತು. ಮುಂದೆ ಹೆನ್ರಿ ಕಝಿನ್ಸ್ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ 1926ರಲ್ಲಿ ತಂದ ಗ್ರಂಥವೂ ಅದೇ ದಾರಿಯದು. ಇವರಿಗೆ ಬೇಕಾಗಿದ್ದದ್ದು ಗುಡಿ. ಗುಡ್ಡ ಹಿನ್ನೆಲೆಗೆ ತಾನಾಗಿ ಬಂದು ನಿಂತದ್ದು. ಅಂದಿನ ನೆಗೆಟಿವ್‌ಗಳು ತುಂಬ ನಿಧಾನದವು, ಬೆಳಕು ಹೇರಳವಾಗಿ ಬೇಕು. ಹಾಗಾಗಿ ಇಂದಿನವರು ಮುಖ ತಿರುಗಿಸುವ ರಣಬಿಸಿಲನ್ನೇ ಅವರು ನೆಚ್ಚಿಕೊಂಡರು. ಬಣ್ಣದ ಆಸರೆ ಇಲ್ಲದ್ದರಿಂದ ಕಲ್ಲಿನ ಒರಟು, ಕಂಡಿ, ಬಿರುಕುಗಳೇ ಚಿತ್ರವನ್ನು ಹೊರಬೇಕಾಯಿತು. ದಾಖಲೆಗೆಂದು ಹೊರಟವರು ಮೈವಳಿಕೆಯನ್ನು (ಟೆಕ್ಸ್‌ಚರ್) ಬೇಡದೆಯೇ ಪಡೆದರು.

ಎರಡನೆಯ ಪರಂಪರೆ ನಮ್ಮದೇ. ಒ.ಸಿ. ಎಡ್ವರ್ಡ್ಸ್ ಅವರಿಂದ ಹಿಡಿದು ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರವರೆಗೆ ಬೆಳೆದ, 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಮನೆಮನೆಗೆ ಮುಟ್ಟಿಸಿದ ಸಲೋನ್ ಪಂಥ, ಅಂದರೆ ಸ್ಪರ್ಧಾ ಪ್ರದರ್ಶನಗಳ ಪಂಥ. ಇದರ ಋಣ ದೊಡ್ಡದು. ಕಾಯುವುದನ್ನು, ಪ್ರಾಣಿಯನ್ನು ಕೆಣಕದೆ ಇರುವುದನ್ನು, ಚೌಕಟ್ಟಿನೊಳಗೆ ಬೇಡದ್ದನ್ನು ಬಿಡುವುದನ್ನು ಅದು ಕಲಿಸಿತು. ಮೂರನೇ ಒಂದು ಭಾಗದ ನಿಯಮ, ಕಣ್ಣನ್ನು ಒಳಗೆ ಕರೆದೊಯ್ಯುವ ಗೆರೆ, ಮುನ್ನೆಲೆಯಲ್ಲೊಂದು ಆಧಾರ — ಇವೆಲ್ಲ ಜಿಲ್ಲೆ ಜಿಲ್ಲೆಯ ಹವ್ಯಾಸಿಗಳ ಬಾಯಿಪಾಠವಾದದ್ದು ಈ ಪಂಥದಿಂದಲೇ.

ಬಾಯಿಪಾಠವಾದದ್ದೇ ತೊಡಕೂ ಆಯಿತು. ತೀರ್ಪುಗಾರರ ಮುಂದೆ ಒಂದು ಚಿತ್ರಕ್ಕೆ ಸಿಗುವುದು ಕೆಲವು ಕ್ಷಣ. ಅಷ್ಟರೊಳಗೆ ಕಣ್ಣಿಗೆ ಹೊಡೆಯುವುದು ಚೌಕಟ್ಟು ಮತ್ತು ಬಣ್ಣ. ಮೈವಳಿಕೆ ನಿಧಾನದ ಸಂಗತಿ, ಹತ್ತಿರ ಹೋಗಿ ನಿಂತವರಿಗೆ ಮಾತ್ರ ದಕ್ಕುವಂಥದ್ದು. ಹೀಗಾಗಿ ಸಂಯೋಜನೆ ಮುಖ್ಯ, ಮೈವಳಿಕೆ ಅದಕ್ಕೊಂದು ಒಗ್ಗರಣೆ ಎಂಬ ಭಾವನೆ ಬೇರೂರಿತು.

ಬಾದಾಮಿಯಲ್ಲಿ ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ವಾದ. ಇಲ್ಲಿನ ಮರಳುಗಲ್ಲು ಪದರ ಪದರವಾಗಿ ಕೂತದ್ದು. ಅಡ್ಡ ಪದರಗಳ ನಡುವೆ ಓರೆಯಾಗಿ ಇಳಿದ ಸಣ್ಣ ಪದರಗಳಿವೆ; ಭೂವಿಜ್ಞಾನಿಗಳು ಅವುಗಳ ವಾಲಿಕೆ ಅಳೆದು, ಮರಳು ತಂದ ಆದಿಕಾಲದ ನೀರು ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂದು ಹೇಳುತ್ತಾರೆ. ಇವನ್ನು ಕತ್ತರಿಸಿಕೊಂಡು ನೆಟ್ಟಗೆ ಇಳಿದ ಸೀಳುಗಳಿವೆ. ಅಂದರೆ ಅಡ್ಡಗೆರೆ, ಓರೆಗೆರೆ, ಉದ್ದಗೆರೆ ಮೂರನ್ನೂ ಬಂಡೆಯೇ ಬರೆದಿಟ್ಟಿದೆ. ಇಲ್ಲಿ ಸಂಯೋಜನೆ ಮೈವಳಿಕೆಯೊಳಗಿನಿಂದಲೇ ಹುಟ್ಟುತ್ತದೆ, ಹೊರಗಿನಿಂದ ಚೌಕಟ್ಟು ತರಬೇಕಾಗಿಲ್ಲ.

ಆ ಗೆರೆಗಳು ಕಾಣಬೇಕಾದರೆ ಬೆಳಕು ಬಂಡೆಯ ಮೈ ಸವರಿಕೊಂಡು ಹೋಗಬೇಕು. ಸಂಜೆಯ ಭೂತನಾಥ ಚಿತ್ರದಲ್ಲಿ ಆಗುವುದೇ ಬೇರೆ. ಛಾಯಾಗ್ರಾಹಕ ಪೂರ್ವಕ್ಕೆ ಮುಖ ಮಾಡಿರುತ್ತಾನೆ, ಸೂರ್ಯ ಅವನ ಬೆನ್ನ ಹಿಂದಿರುತ್ತಾನೆ. ಬೆಳಕು ಬಂಡೆಗೆ ನೇರ ಬಡಿಯುತ್ತದೆ, ನೆರಳು ಕಲ್ಲಿನ ಸಂದಿಯಲ್ಲೇ ಅಡಗುತ್ತದೆ. ಬಣ್ಣ ಉಕ್ಕುತ್ತದೆ, ಮೈ ಸಪಾಟಾಗುತ್ತದೆ. ಈ ಊರಿನ ಅತಿ ಪ್ರಸಿದ್ಧ ಚಿತ್ರ ಊರಿನ ಕಲ್ಲನ್ನು ಅತಿ ಕಡಿಮೆ ತೋರಿಸುತ್ತದೆ.

ಬೆಳಗು ಬೈಗಿನ ಬೆಳಕೇ ಶ್ರೇಷ್ಠ, ನಡುಹಗಲಿನದು ಕನಿಷ್ಠ ಎಂಬ ಪಾಠವನ್ನು ಸೂರ್ಯ ಎಂದೂ ನೆತ್ತಿಗೇರದ ದೇಶಗಳ ಕೈಪಿಡಿಗಳಿಂದ ನಾವು ಎತ್ತಿಕೊಂಡಿದ್ದೇವೆ. ಬಾದಾಮಿ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರದ ಸುಮಾರಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನಡುನೆತ್ತಿಯಲ್ಲಿರುತ್ತಾನೆ. ನಡುವಿನ ತಿಂಗಳುಗಳಲ್ಲಿ ನೆತ್ತಿ ದಾಟಿ ಕೊಂಚ ಉತ್ತರಕ್ಕೂ ಸರಿಯುತ್ತಾನೆ. ಗುಹೆಗಳಿರುವ ದಕ್ಷಿಣದ ಗುಡ್ಡ ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಆ ಮುಖಕ್ಕೆ ಬಿಸಿಲೇ ತಾಕುವುದಿಲ್ಲ. ಮೇ ತಿಂಗಳ ಹನ್ನೆರಡೂವರೆಯ ಹೊತ್ತಿಗಾದರೋ ಬಿಸಿಲು ಅದರ ನೆತ್ತಿಯಿಂದ ಅಡಿಯವರೆಗೆ ಸವರುತ್ತ ಇಳಿಯುತ್ತದೆ, ಒಂದೊಂದು ಪದರದ ಅಂಚೂ ಕೆಳಗೊಂದು ಕಪ್ಪು ಗೆರೆ ಎಳೆಯುತ್ತದೆ. ನಿಂತ ಗೋಡೆಗೆ ನಡುಹಗಲೇ ಓರೆಬೆಳಕು. ಈ ಸರಳ ರೇಖಾಗಣಿತ ಪಂಥದ ನಿಯಮಪಟ್ಟಿಯಲ್ಲಿ ಇಲ್ಲ. ಹೆಚ್ಚಿನ ಛಾಯಾಗ್ರಾಹಕರು ಇಲ್ಲಿಗೆ ಬರುವುದೂ ಚಳಿಗಾಲದಲ್ಲೇ.

ಬಾಗಲಕೋಟೆಯ ಕಡೆಗೆ ಬಂದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಮಲಗಿದ ನೆಲ: ಎರಿಹೊಲ, ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು. ಬೇಸಿಗೆಯಲ್ಲಿ ಬಾಯಿ ಬಿಟ್ಟ ಕಪ್ಪು ನೆಲದ ಬಿರುಕು ಕಾಣಲು ದಿಗಂತಕ್ಕೆ ಅಂಟಿದ ಸೂರ್ಯನೇ ಬೇಕು. ಇಲ್ಲಿ ಹಳೆಯ ಪಾಠ ಸರಿ. ಹುನಗುಂದ, ಇಳಕಲ್ಲ ಕಡೆ ಮತ್ತೊಂದು ಲೋಕ. ಇಳಕಲ್ಲಿನ ಗುಲಾಬಿ ಗ್ರಾನೈಟಿಗೆ ಪದರವೇ ಇಲ್ಲ, ಇರುವುದು ಹರಳು. ಅದರ ಮೈವಳಿಕೆ ಗುಡ್ಡದ ಅಳತೆಯದಲ್ಲ, ಅಂಗೈ ಅಳತೆಯದು. ಅದಕ್ಕೆ ಅಗಲ ಲೆನ್ಸು ಬಿಟ್ಟು ಮೊಣಕಾಲೂರಿ ಹತ್ತಿರ ಹೋಗಬೇಕು, ಮೋಡದ ಮೆತ್ತನೆಯ ಬೆಳಕೂ ಸಾಕು. ಹೀಗೆ ಒಂದೇ ಜಿಲ್ಲೆಯಲ್ಲಿ ಮೂರು ನೆಲ, ಮೂರು ಬೆಳಕು, ಮೂರು ದೂರ. ಒಂದೇ ಸೂತ್ರದಿಂದ ಮೂರನ್ನೂ ನೋಡಿದ್ದರ ಫಲವೆಂದರೆ ಬಾದಾಮಿಗೆ ಸಾವಿರ ಚಿತ್ರ, ಉಳಿದೆರಡಕ್ಕೆ ಬೆರಳೆಣಿಕೆಯವು.

ಕಂಪ್ಯೂಟರು ಈ ಕೊರತೆಯನ್ನು ಮುಚ್ಚಿದಂತೆ ನಟಿಸುತ್ತದೆ. ಟೆಕ್ಸ್‌ಚರ್ ಎಂಬ ಸ್ಲೈಡರನ್ನು ಬಲಕ್ಕೆ ಎಳೆದರೆ ಒರಟು ಬರುತ್ತದೆ, ನಿಜ. ಚಿತ್ರಪೂರ್ತಿ ಎಳೆದಾಗ ಬಂಡೆಗೆ ಬಂದ ಒರಟೇ ನೀರಿಗೂ, ಪಾಚಿಗೂ, ಮೋಡಕ್ಕೂ ಬರುತ್ತದೆ. ಸಂಡೂರಿನ ಎಂ.ವೈ. ಘೋರ್ಪಡೆಯವರು ಕಪ್ಪು–ಬಿಳುಪಿನಲ್ಲಿ ಮಾಡಿದ ಸಾಧನೆ ಇಲ್ಲಿ ನೆನಪಾಗಬೇಕು. ಅವರ ವಸ್ತು ವನ್ಯಜೀವಿ; ಆದರೂ ಬಣ್ಣವನ್ನು ಬಿಟ್ಟವನಿಗೆ ನೆರಳು–ಬೆಳಕಿನ ವ್ಯತ್ಯಾಸವೊಂದೇ ಬಂಡವಾಳ ಎಂಬುದಕ್ಕೆ ಅವರ ಕೆಲಸವೇ ಪಾಠ. ಆ ಪಾಠವನ್ನು ಭೂದೃಶ್ಯಕ್ಕೆ ಒಗ್ಗಿಸಿಕೊಂಡವರು ಕಡಿಮೆ.

ಕೊನೆಯ ತಕರಾರು ಇನ್ನೂ ಗಟ್ಟಿ. ಸಲೋನ್‌ಗಳ ನಿಸರ್ಗ ವಿಭಾಗದ ಅಂತರರಾಷ್ಟ್ರೀಯ ವ್ಯಾಖ್ಯೆ ಮನುಷ್ಯನ ಕುರುಹನ್ನು ಬಹುಮಟ್ಟಿಗೆ ದೂರವಿಡುತ್ತದೆ. ಕಾಡಿಗೆ ಸರಿ. ಬಾದಾಮಿಯಲ್ಲಿ ಬಂಡೆಯ ಪದರ ಎಲ್ಲಿ ಮುಗಿಯಿತು, ಉಳಿಯ ಗುರುತು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಹೇಗೆ? ಚಾಲುಕ್ಯ ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆ ಅದೇ ಗುಡ್ಡದ ಹೊಟ್ಟೆಯಲ್ಲಿದೆ. ಇಳಕಲ್ಲಿನ ಕ್ವಾರಿಯಲ್ಲಿ ಸಾಲಾಗಿ ಇಳಿದ ಡ್ರಿಲ್ ಗೆರೆಗಳು ಈಗ ಆ ಕಲ್ಲಿನ ಮೈವಳಿಕೆಯ ಭಾಗವೇ. ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರನ್ನು ಚೌಕಟ್ಟಿನಿಂದ ಅಳಿಸಿ ಪಡೆದ ಶುದ್ಧ ನಿಸರ್ಗ ಈ ಸೀಮೆಯದಲ್ಲ. ಅದೇ ಇಳಕಲ್ಲಿನ ನೇಕಾರರ ಸೀರೆಯ ಟೋಪ್ ತೆನಿ ಸೆರಗಿನಲ್ಲಿ ಕೆಂಪು ಬಿಳುಪು ಎರಡೇ ಬಣ್ಣ, ನಡುವಿಗೊಂದು ನಾಯಕವಸ್ತು ಇಲ್ಲ, ಸಾಲಿನ ಮೇಲೆ ಸಾಲು, ಪುನರಾವರ್ತನೆಯೇ ಸಂಯೋಜನೆ. ಪದರಗಲ್ಲನ್ನು ಹೀಗೂ ನೋಡಬಹುದು ಎಂಬ ಮಾದರಿ ಊರಿನ ಮಗ್ಗದಲ್ಲೇ ಇತ್ತು.

ಸಲೋನ್ ಪಂಥವನ್ನು ಬದಿಗೆ ಸರಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ಕಲಿಸಿದ ಶಿಸ್ತಿಲ್ಲದೆ ಮೇ ತಿಂಗಳ ಬಿಸಿಲಲ್ಲಿ ಬಂಡೆಯ ಮುಂದೆ ಗಂಟೆಗಟ್ಟಲೆ ನಿಲ್ಲಲು ಯಾರಿಂದಲೂ ಆಗದು. ಆದರೆ ಅದರ ಕಾರ್ಯಾಗಾರಗಳು ಚೌಕಟ್ಟಿನ ಪಾಠಕ್ಕೆ ಮೊದಲು ನೆಲದ ಪಾಠ ಹೇಳಬೇಕು: ಈ ಕಲ್ಲು ಯಾವುದು, ಅದರ ಮುಖ ಯಾವ ದಿಕ್ಕಿಗೆ, ಯಾವ ತಿಂಗಳು ಯಾವ ಹೊತ್ತಿಗೆ ಬಿಸಿಲು ಅದನ್ನು ಸವರುತ್ತದೆ. ತೀರ್ಪುಗಾರರೂ ಚಿತ್ರ ಚೆನ್ನಾಗಿದೆಯೇ ಎನ್ನುವುದರ ಜೊತೆಗೆ, ಇದನ್ನು ಬೇರೆ ಯಾವ ಊರಲ್ಲಾದರೂ ತೆಗೆಯಬಹುದಿತ್ತೇ ಎಂದು ಕೇಳಬೇಕು. ಹೌದು ಎಂಬ ಉತ್ತರ ಬಂದರೆ, ಆ ಚಿತ್ರಕ್ಕೆ ಬಾದಾಮಿಯ ಹೆಸರು ಕೊಡುವ ಹಕ್ಕಿಲ್ಲ.