ವಿಡಿಯೋ ಆಟಗಳ ರುಚಿಭೇದ: ಒಂದು ಪ್ರಬಂಧದ ವಿಮರ್ಶೆ

ಮಕ್ಕಳ ವಿಡಿಯೋ ಆಟಗಳ ವಿಷಯ ಬಂದಾಗ ಹಿರಿಯರಾದ ನಾವು ತೆರೆಯ ಮೇಲಿನ ಚಿತ್ರವನ್ನು ನೋಡಿಯೇ ತೀರ್ಪು ನೀಡಿಬಿಡುತ್ತೇವೆ. ಬಂದೂಕು ಕಂಡರೆ ಕೆಟ್ಟ ಆಟ, ಮನೆ ಮರ ಕಂಡರೆ ಒಳ್ಳೆಯ ಆಟ. ನಾನೂ ಬಹುಕಾಲ ಹೀಗೆಯೇ ಎಣಿಸಿದ್ದೆ. ಒಂದೇ ಆಟವು ಒಬ್ಬನಿಗೆ ಹಿತವಾಗಿ ಮತ್ತೊಬ್ಬನಿಗೆ ಬೇಸರ ತರುವುದೇಕೆಂಬ ಪ್ರಶ್ನೆಯನ್ನು ಬೆನ್ನುಹತ್ತಿದಾಗ, ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ ಅವರು 1996ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಓದಲು ದೊರಕಿತು. ಅದರಿಂದ ನನ್ನ ಎಣಿಕೆ ಕದಲಿತು. ಆದರೂ ಅದರ ಎಲ್ಲ ಮಾತನ್ನು ಒಪ್ಪಲು ಮನಸ್ಸು ಬಾರದು.

ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ, ಬಾರ್ಟಲ್ ಅವರು ಬೆಳೆಸಿದ ಆಟದ ಹೆಸರು ‘ಮಡ್’. ಅದರಲ್ಲಿ ಚಿತ್ರವೇ ಇರಲಿಲ್ಲ. ಬರಿಯ ಅಕ್ಷರಗಳಲ್ಲಿ ವರ್ಣಿತವಾದ ಒಂದು ಲೋಕ. ಅದರೊಳಗೆ ಏಕಕಾಲಕ್ಕೆ ಹಲವರು ಸಂಚರಿಸಬಹುದಿತ್ತು. ಇಂಥ ಲೋಕಕ್ಕೆ ಜನರು ಏನನ್ನು ಬಯಸಿ ಬರುತ್ತಾರೆಂದು ಅನುಭವಿ ಆಟಗಾರರು ನಡೆಸಿದ ದೀರ್ಘ ಚರ್ಚೆಯ ಸಾರವೇ ಆ ಪ್ರಬಂಧ. ಲೇಖಕರು ಆಟಗಾರರನ್ನು ಇಸ್ಪೀಟಿನ ನಾಲ್ಕು ರಂಗುಗಳಿಗೆ ಹೋಲಿಸುತ್ತಾರೆ. (ಈ ಪತ್ರಿಕೆಯಲ್ಲಿ ಇಸ್ಪೀಟಿನ ಹೆಸರೆತ್ತಿದ್ದಕ್ಕೆ ವಾಚಕರು ಕ್ಷಮಿಸಬೇಕು.) ಡೈಮಂಡು, ಅಂಕವನ್ನೂ ನಿಧಿಯನ್ನೂ ಗಳಿಸುವ ಸಾಧಕ. ಇಸ್ಪೀಟು, ಅಂದರೆ ಸನಿಕೆ, ಆ ಲೋಕದ ಮೂಲೆಮೂಲೆಯನ್ನು ಅಗೆದು ನೋಡುವ ಅನ್ವೇಷಕ. ಆಟೀನು, ಇತರರೊಡನೆ ಮಾತಿಗಾಗಿ ಬರುವ ಸಂಗಪ್ರಿಯ. ಕಳಾವರು, ಅಂದರೆ ದೊಣ್ಣೆ, ಘಾತುಕ.

ಈ ನಾಲ್ಕನೆಯ ವರ್ಗದ ಲಕ್ಷಣವೇ ಪ್ರಬಂಧದ ತಿರುಳೆಂದು ನನಗೆ ತೋರುತ್ತದೆ. ರಾಕ್ಷಸನನ್ನು ಕೊಂದು ಅಂಕ ಪಡೆಯುವವನು ಬಾರ್ಟಲ್ ಅವರ ಪ್ರಕಾರ ಘಾತುಕನಲ್ಲ, ಸಾಧಕ. ಅವನಿಗೆ ರಾಕ್ಷಸನು ಜಮೆಯ ಒಂದು ಬಾಬು ಮಾತ್ರ. ಘಾತುಕನಿಗಾದರೋ ಅಂಕ ಬೇಡ. ಎದುರಿನ ಆಟಗಾರನು ನಿಜವಾದ ಮನುಷ್ಯನೆಂದು, ಅವನಿಗೆ ನಿಜವಾಗಿಯೂ ನೋವಾಯಿತೆಂದು ತಿಳಿಯುವುದೇ ಅವನ ಸುಖ. ಇಂಥವರು ಹೆಚ್ಚಿದರೆ ಸಂಗಪ್ರಿಯರು ಎಲ್ಲರಿಗಿಂತ ಬೇಗನೆ ಆ ಲೋಕವನ್ನು ತೊರೆಯುತ್ತಾರೆಂಬ ಲೆಕ್ಕವನ್ನೂ ಲೇಖಕರು ಹಾಕಿದ್ದಾರೆ. ವ್ಯಾಪಾರಿಯಾದ ನನಗೆ ಆ ಭಾಗವು ದಾಸ್ತಾನು ಪುಸ್ತಕವನ್ನು ಓದಿದಂತಾಯಿತು.

ನಮ್ಮ ಮನೆಯಲ್ಲಿ ‘ಮೈನ್‌ಕ್ರಾಫ್ಟ್’ ಎಂಬ ಆಟವು ಒಳ್ಳೆಯದರ ಪಟ್ಟಿಯಲ್ಲಿದೆ. ಘನಾಕೃತಿಗಳನ್ನು ಜೋಡಿಸಿ ಮನೆ ಕಟ್ಟುವ ಆಟ. ಮೊಮ್ಮಗಳು ವಾರಗಟ್ಟಲೆ ಕಟ್ಟಿದ ಮನೆಯನ್ನು ಅವಳ ಅಣ್ಣ ಒಂದು ರಾತ್ರಿ ಕೆಡವಿಹಾಕಿದ. ಆಟದಲ್ಲಿ ಅವನಿಗೆ ಅದರಿಂದ ಒಂದು ಕಾಸಿನ ಲಾಭವೂ ಇರಲಿಲ್ಲ. ಬೆಳಿಗ್ಗೆ ಅವಳ ಮುಖ ನೋಡಲೆಂದು ಅವನು ಬೇಗನೆದ್ದು ಕುಳಿತಿದ್ದ. ಅದೇ ಹುಡುಗ ಬಂದೂಕಿನ ಆಟವಾಡುವಾಗ ಗಮನಿಸಿದ್ದೇನೆ. ಅವನ ಕಣ್ಣು ಅಂಕದ ಮೇಲಲ್ಲದೆ ಬೀಳುವವನ ಮೇಲಿರುವುದಿಲ್ಲ. ನಾವು ತಡೆದದ್ದು ಎರಡನೆಯ ಆಟವನ್ನು, ಹರಸಿದ್ದು ಮೊದಲನೆಯದನ್ನು.

ಇಲ್ಲಿ ಒಂದು ಆಕ್ಷೇಪವೇಳುವುದು ಸಹಜ. ಯಶೋಧರನು ಕೊಂದದ್ದು ಹಿಟ್ಟಿನ ಕೋಳಿಯನ್ನಲ್ಲವೇ, ಅಷ್ಟರಿಂದಲೇ ಜನ್ಮಾಂತರಗಳ ದುಃಖ ಬರಲಿಲ್ಲವೇ, ಹಾಗಿರುವಾಗ ಚಿತ್ರದ ಮನುಷ್ಯನನ್ನು ಕೊಲ್ಲುವುದು ನಿರ್ದೋಷವಾದೀತೇ ಎಂದು ಮಿತ್ರರೊಬ್ಬರು ಕೇಳಿದರು. ಜನ್ನನ ಕಾವ್ಯವನ್ನು ಬಲ್ಲ ಯಾರೂ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಅಲ್ಲಿ ಹಿಟ್ಟನ್ನು ಹಿಟ್ಟೆಂದು ಕತ್ತರಿಸಲಿಲ್ಲ. ಜೀವವೆಂದು ಸಂಕಲ್ಪಿಸಿ ಬಲಿಯಿತ್ತರು. ದೋಷವು ಸಂಕಲ್ಪದಲ್ಲಿತ್ತು. ಅದೇ ಅಳತೆಗೋಲನ್ನು ಹಿಡಿದರೆ ತಂಗಿಯ ಮನೆಯನ್ನು ಕೆಡವಿದ್ದರಲ್ಲಿಯೇ ಭಾವಹಿಂಸೆ ಹೆಚ್ಚು. ಬೀಳುವವನ ನರಳಾಟವನ್ನು ನಿಧಾನವಾಗಿ ತೋರಿಸಿ, ಅದನ್ನೇ ಸವಿಯಿರೆನ್ನುವ ಆಟಗಳೂ ಇವೆ. ಅಲ್ಲಿ ನನ್ನ ಈ ವಾದ ನಿಲ್ಲದು. ಮಿತ್ರರ ಮಾತೇ ಸರಿ.

ಪ್ರಬಂಧದ ಕೊರತೆಗಳನ್ನೂ ಹೇಳಬೇಕು. ನಾಲ್ಕು ಪೆಟ್ಟಿಗೆಗಳಲ್ಲಿ ಮನುಷ್ಯರನ್ನು ತುಂಬಿಡುವುದು ಸುಲಭ, ಮನುಷ್ಯರು ಅಲ್ಲಿ ನಿಲ್ಲುವುದಿಲ್ಲ. ನಿಕ್ ಯೀ ಅವರು ಸುಮಾರು 3,000 ಆಟಗಾರರನ್ನು ಪ್ರಶ್ನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಬಯಕೆಯಿರುವಲ್ಲಿ ಇನ್ನೊಂದು ಇರಬಾರದೆಂಬ ನಿಯಮ ಕಾಣಲಿಲ್ಲ. ಮತ್ತೆ, ‘ಟೆಟ್ರಿಸ್’ ಎಲ್ಲಿ ಸೇರಬೇಕು? 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ರಚಿಸಿದ ಆ ಆಟದಲ್ಲಿ ಅನ್ವೇಷಿಸಲು ಲೋಕವಿಲ್ಲ, ಮಾತಿಗೆ ಜನವಿಲ್ಲ. ಅಂಕವಿದೆ ನಿಜ, ಆದರೆ ಬೀಳುವ ತುಂಡುಗಳು ಸಾಲಾಗಿ ಹೊಂದಿದಾಗಿನ ನೆಮ್ಮದಿ ಅಂಕದ್ದಲ್ಲ. ವರ್ಷಾಂತ್ಯದಲ್ಲಿ ತಾಳೆಪಟ್ಟಿಯ ಎರಡೂ ಬದಿ ಸಮವಾದಾಗ ನಾನು ನಾಲ್ಕು ದಶಕ ಅನುಭವಿಸಿದ್ದು ಅದನ್ನೇ. ಬಾರ್ಟಲ್ ಅವರ ಪಟ್ಟಿಯಲ್ಲಿ ನನಗೆ ಸ್ಥಳವಿಲ್ಲ! ಅವರು ಬರೆದದ್ದು ತಮ್ಮ ಬಗೆಯ ಆಟಗಳ ಕುರಿತು ಮಾತ್ರ. ಎಲ್ಲ ಆಟಗಳಿಗೂ ಅದನ್ನು ಅಂಟಿಸಿದ್ದು ಓದಿದವರ ತಪ್ಪು.

ಇನ್ನೊಂದು ಕೊರತೆ ದೊಡ್ಡದು. ಫ್ರಾನ್ಸಿನ ರೋಜೆ ಕಾಯ್ವಾ 1958ರಲ್ಲಿಯೇ ಆಟಗಳನ್ನು ಸ್ಪರ್ಧೆ, ಅದೃಷ್ಟ, ಅನುಕರಣ, ತಲೆಸುತ್ತಿನ ಉನ್ಮಾದ ಎಂದು ವಿಂಗಡಿಸಿದ್ದರು. ಅದೃಷ್ಟಪ್ರಿಯನಿಗೆ ಬಾರ್ಟಲ್ ಅವರಲ್ಲಿ ರಂಗೇ ಇಲ್ಲ. ಇಂದಿನ ಆಟಗಳಲ್ಲಿ ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ಹಣಕ್ಕೆ ಮಾರುವುದು ಅವನಿಗಾಗಿಯೇ. ಬೆಲ್ಜಿಯಂ ದೇಶದ ಜೂಜು ಆಯೋಗವು 2018ರಲ್ಲಿ ನಾಲ್ಕು ಆಟಗಳನ್ನು ಪರಿಶೀಲಿಸಿ, ಮೂರರಲ್ಲಿನ ಇಂಥ ಪೆಟ್ಟಿಗೆಗಳನ್ನು ಜೂಜೆಂದು ನಿರ್ಣಯಿಸಿತು. ಅವುಗಳಲ್ಲೊಂದು ‘ಫಿಫಾ 18’, ಕಾಲ್ಚೆಂಡಿನ ಆಟ.